ತೊಟ್ಟಿಯಲ್ಲಿ ಮೀನು ಎಲ್ಲಿ ನಿಲ್ಲುತ್ತದೆ?

ಮಗುವಿನ ಹುಟ್ಟುಹಬ್ಬಕ್ಕೆಂದು ಗಾಜಿನ ತೊಟ್ಟಿಯೊಂದು ಮನೆಗೆ ಬರುತ್ತದೆ. ತಳಕ್ಕೆ ಬಣ್ಣದ ಕಲ್ಲುಗಳು, ಮೂಲೆಗೊಂದು ಪ್ಲಾಸ್ಟಿಕ್ ಗಿಡ, ನೀರು ತುಂಬಿದ ಪಾಲಿಥೀನ್ ಚೀಲದಲ್ಲಿ ನಾಲ್ಕು ಗೋಲ್ಡ್‌ಫಿಶ್. ಮೊದಲ ಎರಡು ದಿನ ಮನೆಮಂದಿಯೆಲ್ಲ ತೊಟ್ಟಿಯ ಮುಂದೆಯೇ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಮೀನುಗಳೆಲ್ಲ ಮೇಲೆ ಬಂದು, ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿವೆ. “ಅಮ್ಮಾ, ಮೀನು ತಿಂಡಿ ಕೇಳ್ತಾ ಇದೆ!” ಎಂದು ಮಗು ಕೂಗುತ್ತದೆ. ಒಂದು ಚಿಟಿಕೆ ತಿಂಡಿ ತೊಟ್ಟಿಗೆ ಬೀಳುತ್ತದೆ. ಸಂಜೆಗೆ ಇನ್ನೊಂದು ಚಿಟಿಕೆ. ಮರುದಿನ ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಮಗು ಅಳುತ್ತದೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಅಪ್ಪ ಬೈಯುತ್ತಾರೆ.

ಎಷ್ಟೋ ಮನೆಗಳಲ್ಲಿ ನಡೆದಿರುವ ಕಥೆ ಇದು. ಆ ಮೀನು ಕೇಳಿದ್ದು ತಿಂಡಿಯಲ್ಲ, ಉಸಿರು. ಅದನ್ನು ಅದು ಬಾಯಿಬಿಟ್ಟು ಹೇಳಲಾರದು. ತಾನು ನಿಂತ ಜಾಗದಿಂದಲೇ ಹೇಳಿತ್ತು. ಕೇಳಿಸಿಕೊಳ್ಳುವವರಿಗೆ ಆ ಭಾಷೆ ಗೊತ್ತಿರಲಿಲ್ಲ, ಅಷ್ಟೆ.

ಮೀನಿನ ಹೆಜ್ಜೆ ಕಂಡವರಿಲ್ಲ ಎನ್ನುತ್ತಾರೆ. ಆದರೆ ತೊಟ್ಟಿಯ ಮೀನು ಎಲ್ಲೆಂದರಲ್ಲಿ ಸುಮ್ಮನೆ ಅಲೆಯುವುದಿಲ್ಲ. ಒಂದು ವಾರ ತಾಳ್ಮೆಯಿಂದ ನೋಡಿದರೆ ಒಂದೊಂದು ಮೀನಿಗೂ ಒಂದೊಂದು ಮೆಚ್ಚಿನ ಜಾಗ ಇರುವುದು ಗೊತ್ತಾಗುತ್ತದೆ. ಒಂದು ಸದಾ ಮೇಲೆ, ಇನ್ನೊಂದು ತಳದಲ್ಲಿ, ಮತ್ತೊಂದು ಗಿಡದ ಹಿಂದೆ. ಯಾಕೆ ಹೀಗೆ?

ಬಾಯಿ ನೋಡಿ ಮಹಡಿ ಹೇಳಿ

ಮೊದಲ ಉತ್ತರ ಮೀನಿನ ಮುಖದಲ್ಲೇ ಇದೆ. ಗಪ್ಪಿ ಮೀನನ್ನು ಪಕ್ಕದಿಂದ ನೋಡಿದರೆ ಅದರ ಬಾಯಿ ಮೇಲ್ಮುಖವಾಗಿರುವುದು ಕಾಣುತ್ತದೆ. ನೀರಿನ ಮೇಲೆ ಬೀಳುವ ಹುಳು, ಸೊಳ್ಳೆಯ ಮರಿಗಳನ್ನು ಕೆಳಗಿನಿಂದ ಬಂದು ಹಿಡಿಯಲು ಹೇಳಿ ಮಾಡಿಸಿದ ಬಾಯಿ ಅದು. ಟೆಟ್ರಾ ಮತ್ತು ಬಾರ್ಬ್ ಮೀನುಗಳ ಬಾಯಿ ನೇರವಾಗಿ ಮುಂದಕ್ಕಿದೆ. ಅವು ನಡುನೀರಿನಲ್ಲಿ ತೇಲಿಬರುವುದನ್ನು ತಿನ್ನುತ್ತವೆ. ಕೋರಿಡೋರಾಸ್ ಎಂಬ ಪುಟ್ಟ ಕ್ಯಾಟ್‌ಫಿಶ್‌ನ ಬಾಯಿ ಕೆಳಮುಖ. ಜೊತೆಗೆ ಮರಳನ್ನು ತಡಕಲು ಮೀಸೆಗಳು. ಅದಕ್ಕೆ ತಳವೇ ಊಟದ ಮನೆ.

ಈ ಮೂರು ಮಹಡಿಗಳ ಲೆಕ್ಕ ನಮ್ಮ ಮೀನು ಕೃಷಿಕರಿಗೆ ಹೊಸತಲ್ಲ. ಕೆರೆಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಒಟ್ಟಿಗೆ ಬಿಡುವುದೇಕೆ? ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಒಂದರ ತಟ್ಟೆಗೆ ಇನ್ನೊಂದು ಕೈ ಹಾಕುವುದು ಕಡಿಮೆ. ಒಂದೇ ಕೆರೆಯಲ್ಲಿ ಮೂರು ಫಸಲು. ಕಾಟ್ಲಾದ ಮೇಲೆದ್ದ ಬಾಯಿಯನ್ನೂ ಮೃಗಾಲ್‌ನ ತಗ್ಗಿದ ಬಾಯಿಯನ್ನೂ ಮೀನು ಮಾರುಕಟ್ಟೆಯಲ್ಲೇ ಹೋಲಿಸಿ ನೋಡಬಹುದು.

ತೊಟ್ಟಿಗೆ ಮೀನು ಆರಿಸುವಾಗ ಈ ಲೆಕ್ಕ ಮರೆತರೆ ಮೇಲಿನ ಮಹಡಿಯಲ್ಲಿ ನೂಕುನುಗ್ಗಲು, ಕೆಳಗಿನ ಮಹಡಿ ಖಾಲಿ. ತಿಂಡಿಯ ವಿಷಯವೂ ಅಷ್ಟೇ. ತೇಲುವ ತಿಂಡಿಯನ್ನಷ್ಟೇ ಹಾಕಿದರೆ ಮೇಲಿನವು ಉಂಡು ಮುಗಿಸುತ್ತವೆ; ತಳದ ಮೀನು ‘ಕಸ ತಿಂದು ಬದುಕುತ್ತದೆ’ ಎಂಬ ನಂಬಿಕೆಯಲ್ಲಿ ಉಪವಾಸ ಬೀಳುತ್ತದೆ.

ಉಸಿರಿನ ಲೆಕ್ಕ

ಎರಡನೆಯ ಉತ್ತರ ಆಮ್ಲಜನಕ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಗಾಳಿಯಾಡಿದ ಒಂದು ಲೀಟರ್ ಸಿಹಿನೀರಿನಲ್ಲಿ, ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ, ಕರಗಿರುವುದು ಸುಮಾರು 9 ಮಿಲಿಗ್ರಾಂ ಮಾತ್ರ. ನೀರು 30 ಡಿಗ್ರಿಗೆ ಬಿಸಿಯಾದರೆ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಇಲ್ಲೊಂದು ತೊಡಕಿದೆ. ನೀರು ಬಿಸಿಯಾದಂತೆ ಮೀನಿನ ದೇಹದ ಕೆಲಸವೂ ಚುರುಕಾಗಿ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಬೇಡಿಕೆ ಏರುವ ಹೊತ್ತಿಗೇ ಸರಬರಾಜು ಇಳಿಯುತ್ತದೆ. ಬೇಸಿಗೆಯಲ್ಲಿ ತೊಟ್ಟಿಯ ಮೀನು ಸಾಯುವುದಕ್ಕೆ ಇದೂ ಒಂದು ಕಾರಣ.

ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯ ಮೂಲಕ. ಅಲ್ಲಿಂದ ಕೆಳಕ್ಕೆ ತಾನಾಗಿ ಹರಡುವುದು ಬಲು ನಿಧಾನ, ನೀರು ಕಲಕುತ್ತಿರಬೇಕು. ತೊಟ್ಟಿಯಲ್ಲಿ ಗುಳ್ಳೆ ಬಿಡುವ ಪಂಪಿನ ದೊಡ್ಡ ಉಪಕಾರ ಇದೇ. ಗುಳ್ಳೆಗಳು ಮೇಲೇರುತ್ತ ತಳದ ನೀರನ್ನು ಮೇಲಕ್ಕೆ ತರುತ್ತವೆ. ನೀರಿನಲ್ಲಿ ಆಮ್ಲಜನಕ ಕುಸಿದಾಗ ಗಾಳಿಗೆ ತಾಗಿದ ತೆಳುಪದರದಲ್ಲಷ್ಟೇ ಸ್ವಲ್ಪ ಉಳಿದಿರುತ್ತದೆ. ಉಸಿರುಗಟ್ಟಿದ ಮೀನು ಅಲ್ಲಿಗೆ ಬಾಯಿ ಹಚ್ಚುತ್ತದೆ.

ಅಂಗಡಿಯ ಕಪಾಟಿನಲ್ಲಿ ಚೆಂದ ಕಾಣುವ ದುಂಡು ಗಾಜಿನ ಬೋಗುಣಿ ಮೀನಿಗೆ ಸಂಕಟವಾಗುವುದೂ ಇದರಿಂದಲೇ. ಕುತ್ತಿಗೆವರೆಗೆ ನೀರು ತುಂಬಿದರೆ ಮೇಲ್ಮೈ ಒಂದು ತಟ್ಟೆಯಷ್ಟೂ ಇರದು. ಅಷ್ಟೇ ನೀರು ಹಿಡಿಯುವ ಅಗಲವಾದ ತೊಟ್ಟಿಯಲ್ಲಿ ಉಸಿರಾಟ ಎಷ್ಟೋ ಸಲೀಸು. ಗೋಲ್ಡ್‌ಫಿಶ್ ಬೆಳೆದರೆ ಗೇಣುದ್ದ ಆಗುವ ಮೀನು. ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಬೋಗುಣಿಯಲ್ಲಿ ಅದು ಹತ್ತು ತಿಂಗಳು ಬದುಕಿದರೆ ಹೆಚ್ಚು ಎಂಬಂತಾಗಿದ್ದರೆ ತಪ್ಪು ಮೀನಿನದಲ್ಲ.

ಇಷ್ಟಾದರೂ ಮೇಲೆ ಬಂದ ಮೀನುಗಳೆಲ್ಲ ಸಂಕಟದಲ್ಲಿವೆ ಎಂದು ಗಾಬರಿಯಾಗಬೇಕಿಲ್ಲ. ಗೊರಾಮಿ ಮತ್ತು ಫೈಟರ್ ಮೀನುಗಳ ತಲೆಯಲ್ಲಿ ಕಿವಿರುಗಳ ಮೇಲ್ಗಡೆ ಮಡಿಕೆ ಮಡಿಕೆಯಾದ ವಿಶೇಷ ಅಂಗವೊಂದಿದೆ. ಅದರಿಂದ ಅವು ನೇರವಾಗಿ ಗಾಳಿಯನ್ನೇ ಉಸಿರಾಡುತ್ತವೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗುವುದು ಅವುಗಳ ನಿತ್ಯಕರ್ಮ. ತಳದ ಕೋರಿಡೋರಾಸ್ ಕೂಡ ಇದ್ದಕ್ಕಿದ್ದಂತೆ ಬಾಣದಂತೆ ಮೇಲಕ್ಕೆ ಚಿಮ್ಮಿ, ಗಾಳಿ ನುಂಗಿ ಮರಳುತ್ತದೆ. ಅದರ ಕರುಳೇ ಆ ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಒಂದು ಗುಟುಕು ಕುಡಿದು ಕೆಳಗಿಳಿದರೆ ಅಭ್ಯಾಸ. ಗೋಲ್ಡ್‌ಫಿಶ್ ಅಥವಾ ಟೆಟ್ರಾ ಅಲ್ಲೇ ನಿಂತು ಬಾಯಿ ಬಡಿಯುತ್ತಿದ್ದರೆ ಅಪಾಯ.

ಇಂಥ ಅಪಾಯ ಹೆಚ್ಚಾಗಿ ಕಾಣುವುದು ಬೆಳಗಿನ ಜಾವ. ನೀರಿನ ಗಿಡಗಳು, ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತವೆ. ರಾತ್ರಿಯಿಡೀ ತಾವೂ ಅದನ್ನು ಬಳಸುತ್ತವೆ. ಸೂರ್ಯ ಹುಟ್ಟುವ ಮುನ್ನ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಪಾಚಿಗಟ್ಟಿದ ಕೆರೆಗಳಲ್ಲಿ ನಸುಕಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುವುದನ್ನು ಮೀನುಗಾರರು ಬಲ್ಲರು. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ನೀರು ಸೇರಿ ಆಮ್ಲಜನಕ ಕುಸಿದದ್ದು ಕಾರಣವೆಂದು ಆಗ ಹೇಳಲಾಯಿತು. ಹಾಲಿನಲ್ಲಿಟ್ಟ ಗಾಜಿನ ತೊಟ್ಟಿಯಲ್ಲಿ ನಡೆಯುವುದು ಆ ಕೆರೆಯ ಕಥೆಯ ಪುಟ್ಟ ಪ್ರತಿ.

ಮೀನಿನ ಜ್ವರ

ಮೂರನೆಯ ಉತ್ತರ ಉಷ್ಣತೆ. ನಮ್ಮ ದೇಹ ಒಳಗಿನಿಂದಲೇ ಬಿಸಿ ಉತ್ಪಾದಿಸಿ 37 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಬಹುಪಾಲು ಮೀನುಗಳಿಗೆ ಆ ಅನುಕೂಲವಿಲ್ಲ. ನೀರು ಎಷ್ಟು ಬೆಚ್ಚಗೋ ಮೀನೂ ಅಷ್ಟೇ ಬೆಚ್ಚಗೆ. ಮೈ ಬೆಚ್ಚಗಾಗಬೇಕಾದರೆ ಬೆಚ್ಚಗಿನ ಜಾಗಕ್ಕೆ ಈಜಬೇಕು.

ಹಾಗಾದರೆ ಮೀನಿಗೆ ಜ್ವರ ಬರುವುದು ಹೇಗೆ? ಅಮೆರಿಕದ ವಿಜ್ಞಾನಿಗಳು 1976ರಲ್ಲಿ ಇದಕ್ಕೆ ಉತ್ತರ ಪ್ರಕಟಿಸಿದರು. ಬ್ಲೂಗಿಲ್ ಮತ್ತು ಬಾಸ್ ಜಾತಿಯ ಮೀನುಗಳಿಗೆ ರೋಗಾಣುಗಳ ಚುಚ್ಚುಮದ್ದು ಕೊಟ್ಟು, ಉಷ್ಣತೆಯನ್ನು ಆರಿಸಿಕೊಳ್ಳಬಹುದಾದ ತೊಟ್ಟಿಯಲ್ಲಿ ಬಿಟ್ಟಾಗ ಅವು ಮೊದಲು ಮೆಚ್ಚಿದ್ದಕ್ಕಿಂತ ಬೆಚ್ಚಗಿನ ನೀರಿಗೆ ಹೋದವು. ಜಾಗ ಬದಲಿಸಿ ಜ್ವರ ತಂದುಕೊಂಡವು! 1977ರಲ್ಲಿ ಗೋಲ್ಡ್‌ಫಿಶ್ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಸೋಂಕು ತಗುಲಿದ ಮೀನುಗಳಲ್ಲಿ ಹೀಗೆ ಜ್ವರ ತಂದುಕೊಳ್ಳಲು ಅವಕಾಶವಿದ್ದವು ಹೆಚ್ಚಾಗಿ ಬದುಕಿ ಉಳಿದವು.

2015ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಮತ್ತೂ ಕುತೂಹಲದ್ದು. ಅದರ ನಾಯಕ ನಮ್ಮ ದೇಶದ ಹೊಳೆ, ಗದ್ದೆಗಳಲ್ಲೂ ಸಿಗುವ ಪಟ್ಟೆಪಟ್ಟೆಯ ಝೀಬ್ರಾ ಮೀನು. ಗಂಗಾನದಿಯ ಮೀನುಗಳ ಕುರಿತು 1822ರಲ್ಲಿ ಬಂದ ಗ್ರಂಥದಲ್ಲಿ ಈ ಮೀನನ್ನು ಮೊದಲು ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಬುಕಾನನ್ ಅವರೇ ಇವರು. ಹೆಸರು ಬದಲಿಸಿಕೊಂಡದ್ದು ಆಮೇಲೆ. ಇರಲಿ. ಪ್ರಯೋಗದಲ್ಲಿ ಕೆಲವು ಝೀಬ್ರಾ ಮೀನುಗಳನ್ನು 15 ನಿಮಿಷ ಬಲೆಯೊಳಗೆ ಇಕ್ಕಟ್ಟಿನಲ್ಲಿಟ್ಟರು. ನಂತರ 18 ಡಿಗ್ರಿಯಿಂದ 35 ಡಿಗ್ರಿಯವರೆಗೆ ಬೇರೆ ಬೇರೆ ಉಷ್ಣತೆಯ ಕೋಣೆಗಳಿದ್ದ ತೊಟ್ಟಿಗೆ ಬಿಟ್ಟರು. ಹೆದರಿದ ಮೀನುಗಳು ಬೆಚ್ಚಗಿನ ಕೋಣೆಗಳಲ್ಲಿ ಹೆಚ್ಚು ಹೊತ್ತು ಕಳೆದವು. ಅವುಗಳ ಮೈಬಿಸಿ 2ರಿಂದ 4 ಡಿಗ್ರಿ ಏರಿತು. ರೋಗಾಣುವಿಲ್ಲದೆ, ಬರೀ ಒತ್ತಡದಿಂದಲೇ ಜ್ವರ! ಪರೀಕ್ಷೆಯ ದಿನ ಮೈ ಬಿಸಿಯಾಗುವ ವಿದ್ಯಾರ್ಥಿಗಳಿಗೆ ಇದು ವಿಚಿತ್ರವೆನಿಸಲಾರದು.

ಹೀಟರ್ ಇರುವ ತೊಟ್ಟಿಯಲ್ಲಿ ಮೀನೊಂದು ಹೀಟರಿನ ಪಕ್ಕವನ್ನೇ ಬಿಡದಿದ್ದರೆ ಇದನ್ನು ನೆನಪಿಸಿಕೊಳ್ಳಬೇಕು. ನೀರು ತಣ್ಣಗಿರಬಹುದು, ಮೀನಿಗೆ ಕಾಯಿಲೆ ಇರಬಹುದು, ಅಥವಾ ಅದನ್ನು ಯಾರೋ ಕಾಡುತ್ತಿರಬಹುದು.

ಭಯವಿದ್ದಲ್ಲಿ ತಳ, ಮೂಲೆ

ಹೊಸ ತೊಟ್ಟಿಗೆ ಬಿಟ್ಟ ಝೀಬ್ರಾ ಮೀನು ಮಾಡುವ ಮೊದಲ ಕೆಲಸ ತಳಕ್ಕೆ ಧುಮುಕುವುದು. ಕೆಲವು ನಿಮಿಷ ಅಲ್ಲೇ ಇದ್ದು, ಅಪಾಯವಿಲ್ಲವೆಂದು ಕಂಡ ಮೇಲೆ ಸ್ವಲ್ಪ ಸ್ವಲ್ಪವೇ ಮೇಲೇರುತ್ತದೆ. ಮೇಲೇರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೇ ಪ್ರಯೋಗಾಲಯಗಳಲ್ಲಿ ಮೀನಿನ ಭಯದ ಅಳತೆಗೋಲಾಗಿ ಬಳಸುತ್ತಾರೆ. ಆದ್ದರಿಂದ ಅಂಗಡಿಯಿಂದ ತಂದ ಮೀನು ಮೊದಲ ದಿನ ಮೂಲೆ ಹಿಡಿದು ಕುಳಿತರೆ ಗಾಜು ತಟ್ಟಿ ಅದನ್ನು ‘ಎಬ್ಬಿಸ’ಬಾರದು. ದೀಪ ಆರಿಸಿ ಸುಮ್ಮನಿರುವುದೇ ಅದಕ್ಕೆ ಮಾಡಬಹುದಾದ ಉಪಕಾರ.

ಭಯ ನೀರಿನಲ್ಲಿ ವಾಸನೆಯಾಗಿಯೂ ಹರಡುತ್ತದೆ. ಜೇನುನೊಣಗಳ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಇದನ್ನು ವರದಿ ಮಾಡಿದರು. ಮಿನೋ ಎಂಬ ಪುಟ್ಟ ಮೀನಿಗೆ ಗಾಯವಾದರೆ ಚರ್ಮದಿಂದ ಒಂದು ವಸ್ತು ನೀರಿಗೆ ಸೇರುತ್ತದೆ. ಅದರ ವಾಸನೆ ಸಿಕ್ಕ ಸಂಗಾತಿ ಮೀನುಗಳು ಹೆದರಿ ದೂರ ಸರಿಯುತ್ತವೆ. ಝೀಬ್ರಾ ಮೀನಿನಲ್ಲೂ ಈ ಗುಣವಿದೆ. ತೊಟ್ಟಿಯ ಮೀನುಗಳೆಲ್ಲ ಒಮ್ಮೆಗೇ ತಳದಲ್ಲಿ ಒತ್ತೊತ್ತಾಗಿ ನಿಂತರೆ ಅವುಗಳಲ್ಲೊಂದಕ್ಕೆ ಪೆಟ್ಟಾಗಿರಬಹುದು.

ಬೆಳಕೂ ಲೆಕ್ಕಕ್ಕೆ ಬರುತ್ತದೆ. ಅಮೆಜಾನ್ ಕಾಡಿನ ನೆರಳಿನ ತೊರೆಗಳಿಂದ ಬಂದ ನಿಯಾನ್ ಟೆಟ್ರಾ ಪ್ರಖರ ದೀಪದ ಕೆಳಗೆ ಬರಲು ಹಿಂಜರಿಯುತ್ತದೆ. ಮೇಲೆ ತೇಲುವ ಗಿಡ ಹಾಕಿದರೆ, ಆರೆಂಟು ಮೀನುಗಳ ಗುಂಪಿದ್ದರೆ ಅದೇ ಮೀನು ಧೈರ್ಯದಿಂದ ನಡುವೆ ಈಜುತ್ತದೆ. ಅಡಗುವ ಜಾಗ ಹೆಚ್ಚಿದಷ್ಟೂ ಮೀನು ಕಾಣುವುದು ಹೆಚ್ಚು. ಓಡಿಹೋಗಲು ಮನೆಯಿದೆ ಎಂದು ಗೊತ್ತಿರುವ ಮಗುವೇ ಬೀದಿಯಲ್ಲಿ ಧೈರ್ಯವಾಗಿ ಆಡುವುದು.

ಗಡಿ ಕಾಯುವ ಗಂಡು

ಮೂಲೆ ಹಿಡಿದ ಮೀನೆಲ್ಲ ಅಂಜುಬುರುಕ ಎನ್ನುವಂತಿಲ್ಲ, ಕೆಲವು ಜಮೀನುದಾರರು. ಏಂಜಲ್ ಮೀನುಗಳ ಜೋಡಿ ಅಗಲದ ಎಲೆಯೊಂದಕ್ಕೆ ಮೊಟ್ಟೆ ಅಂಟಿಸಿತೆಂದರೆ ಆ ಭಾಗ ಅವುಗಳದು. ಉಳಿದ ಮೀನುಗಳೆಲ್ಲ ಎದುರು ಮೂಲೆಗೆ ಗಡೀಪಾರು.

ಇಂಥ ಗಡಿ ಕಾವಲಿನ ಪ್ರಸಿದ್ಧ ಪ್ರಸಂಗವೊಂದು ಹಾಲೆಂಡಿನ ಲೈಡನ್ ನಗರದ್ದು. ಅಲ್ಲಿ ನಿಕೊ ಟಿನ್‌ಬರ್ಗೆನ್ ಎಂಬ ವಿಜ್ಞಾನಿ ಸ್ಟಿಕಲ್‌ಬ್ಯಾಕ್ ಎಂಬ ಮುಳ್ಳುಬೆನ್ನಿನ ಪುಟ್ಟ ಮೀನುಗಳನ್ನು ಕಿಟಕಿಯ ಬಳಿಯ ತೊಟ್ಟಿಗಳಲ್ಲಿ ಸಾಕಿದ್ದರು. ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಅದು ತನ್ನ ಗೂಡಿನ ಸುತ್ತ ಇನ್ನೊಂದು ಗಂಡನ್ನು ಸೇರಿಸುವುದಿಲ್ಲ. ಆಗಾಗ ಗಂಡುಗಳೆಲ್ಲ ಇದ್ದಕ್ಕಿದ್ದಂತೆ ಕಿಟಕಿಯ ಕಡೆಯ ಗಾಜಿಗೆ ನುಗ್ಗುತ್ತಿದ್ದವು. ತೊಟ್ಟಿಯೊಳಗೆ ಕಾರಣವೇನೂ ಕಾಣದು. ಹೊರಗೆ ನೋಡಿದರೆ ದೂರದ ರಸ್ತೆಯಲ್ಲಿ ಅಂಚೆ ಇಲಾಖೆಯ ಕೆಂಪು ವ್ಯಾನು ಹೋಗುತ್ತಿತ್ತು! ಮೀನುಗಳ ಕಣ್ಣಿಗೆ ಅದೊಂದು ದೈತ್ಯ ಎದುರಾಳಿ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ಟಿನ್‌ಬರ್ಗೆನ್, ಫಾನ್ ಫ್ರಿಶ್ ಮತ್ತು ಕೊನ್ರಾಡ್ ಲೊರೆಂಜ್ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಮೀನು ಎಲ್ಲಿ ನಿಂತಿದೆ ಎಂದು ತಾಳ್ಮೆಯಿಂದ ನೋಡುವುದು ಮಕ್ಕಳಾಟವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನೋಟ್‌ಬುಕ್ಕಿನಲ್ಲಿ ತೊಟ್ಟಿಯ ನಕ್ಷೆ

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ತೊಟ್ಟಿಯ ಮುಂಭಾಗವನ್ನು ಒಂಬತ್ತು ಚೌಕಗಳಾಗಿ ಊಹಿಸಿಕೊಂಡು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಬೇಕು: ಮೇಲೆ ಮೂರು, ನಡುವೆ ಮೂರು, ಕೆಳಗೆ ಮೂರು. ಒಂದು ಮೀನನ್ನು ಆರಿಸಿಕೊಂಡು, ನಿಮಿಷಕ್ಕೊಮ್ಮೆ ಅದು ಯಾವ ಚೌಕದಲ್ಲಿದೆಯೆಂದು ಚುಕ್ಕೆ ಇಡಬೇಕು. ಹತ್ತು ನಿಮಿಷಕ್ಕೆ ಹತ್ತು ಚುಕ್ಕೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದು ವಾರ. ತಿಂಡಿ ಹಾಕುವ ಹೊತ್ತನ್ನು ಬಿಟ್ಟು ನೋಡಬೇಕು. ಕೈ ಬರುವ ಜಾಗ, ಹೊತ್ತು ಎರಡನ್ನೂ ಮೀನು ಬಲುಬೇಗ ಕಲಿತುಬಿಡುತ್ತದೆ.

ವಾರದ ಕೊನೆಗೆ ಆ ಮೀನಿನ ವಿಳಾಸ ಹಾಳೆಯ ಮೇಲೆ ಮೂಡಿರುತ್ತದೆ. ಎರಡನೆಯ ವಾರ ಒಂದೇ ಒಂದು ಬದಲಾವಣೆ: ಬಲಗಡೆಯ ಗಿಡವನ್ನು ಎಡಕ್ಕೆ ಇಡಬೇಕು. ಚುಕ್ಕೆಗಳು ಗಿಡದ ಹಿಂದೆ ಹೋದವೆ? ಹೋದರೆ ಮೀನು ಮೆಚ್ಚಿದ್ದು ಗಿಡವನ್ನು. ಹೋಗದಿದ್ದರೆ ಆ ಮೂಲೆಯಲ್ಲಿ ಬೇರೇನೋ ಇದೆ. ನೀರಿನ ಸೆಳೆತವೋ ಬೆಳಕೋ ಹುಡುಕಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಪಂಪು ನಿಲ್ಲಿಸಿ, ನೀರು ಬಿಸಿ ಮಾಡಿ ನೋಡುವ ಪ್ರಯೋಗ ಮಾತ್ರ ಸಲ್ಲದು. ಜೀವಕ್ಕೆ ನೋವು ಕೊಟ್ಟು ಕಲಿಯಬೇಕಾದ ಪಾಠ ಇದರಲ್ಲಿಲ್ಲ.

ಈ ನಕ್ಷೆಗೆ ಇನ್ನೊಂದು ದೊಡ್ಡ ಉಪಯೋಗವಿದೆ. ವಿಳಾಸ ಗೊತ್ತಿದ್ದರೆ ತಾನೆ ಅದು ತಪ್ಪಿದ್ದು ತಿಳಿಯುವುದು? ನಡುನೀರಿನ ಮೀನು ಮೇಲೆ ಬಂದು ನಿಂತರೆ ಉಸಿರಿನ ತೊಂದರೆ. ತಳಕ್ಕಿಳಿದು ಈಜುರೆಕ್ಕೆ ಮುದುಡಿ ಕುಳಿತರೆ ಭಯ ಅಥವಾ ಕಾಯಿಲೆ. ಓರೆಯಾಗಿ ತೇಲುತ್ತಿದ್ದರೆ, ಕೆಳಗಿಳಿಯಲು ಒದ್ದಾಡುತ್ತಿದ್ದರೆ ಅದನ್ನು ನೀರಿನಲ್ಲಿ ತೂಗಿ ಹಿಡಿಯುವ ಒಳಗಿನ ಗಾಳಿಚೀಲದ ತೊಂದರೆ ಇರಬಹುದು. ಮೈಮೇಲೆ ಹುಣ್ಣು, ಚುಕ್ಕೆ ಕಾಣುವುದಕ್ಕೆ ಎಷ್ಟೋ ಮುಂಚೆ ಜಾಗ ಬದಲಾಗಿರುತ್ತದೆ.

ಮತ್ತೆ ಆ ಹುಟ್ಟುಹಬ್ಬದ ತೊಟ್ಟಿಗೆ ಬರೋಣ. ಅಲ್ಲಿ ಆದದ್ದಿಷ್ಟು. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಹಾಕುತ್ತದೆ; ಉಳಿದ ತಿಂಡಿ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಅಷ್ಟರೊಳಗೆ ನಾಲ್ಕು ಮೀನು ತುಂಬಿದ್ದರಿಂದ ಅಮೋನಿಯಾ ಏರಿ ಕಿವಿರು ಸುಟ್ಟಿತು, ಉಸಿರು ಕಟ್ಟಿತು. ಹಸಿವೆಂದುಕೊಂಡು ಹಾಕಿದ ತಿಂಡಿ ಕೊಳೆತು ಅಮೋನಿಯಾವನ್ನು ಹೆಚ್ಚಿಸಿತು. ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ಕಬಳಿಸಿತು. ಪ್ರೀತಿಯಿಂದ ಹಾಕಿದ ಚಿಟಿಕೆಯೇ ಮೀನಿಗೆ ಮುಳುವಾಯಿತು.

ಮಾಡಬೇಕಿದ್ದದ್ದು ಕಷ್ಟದ ಕೆಲಸವಲ್ಲ. ತಿಂಡಿ ನಿಲ್ಲಿಸಬೇಕಿತ್ತು. ಕಾಲುಭಾಗ ನೀರು ತೆಗೆದು, ಕ್ಲೋರಿನ್ ಹೋಗಿರುವ, ಅಷ್ಟೇ ಉಷ್ಣತೆಯ ನೀರು ತುಂಬಬೇಕಿತ್ತು. ಪಂಪು ಇಲ್ಲದಿದ್ದರೆ, ಅಥವಾ ಕರೆಂಟು ಹೋಗಿದ್ದರೆ, ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ಎತ್ತಿ ಸ್ವಲ್ಪ ಮೇಲಿನಿಂದ ನಿಧಾನವಾಗಿ ಸುರಿಯುತ್ತಿದ್ದರೂ ಸಾಕಿತ್ತು, ಗಾಳಿ ಬೆರೆಯುತ್ತದೆ. ಎಲ್ಲಕ್ಕಿಂತ ಮೊದಲು, ತೊಟ್ಟಿ ಹದಕ್ಕೆ ಬರುವವರೆಗೆ ಕಾದು, ಒಂದೋ ಎರಡೋ ಮೀನುಗಳಿಂದ ಆರಂಭಿಸಬೇಕಿತ್ತು.

ಅಂಥ ಮನೆಯಲ್ಲಿ ಮುಂದಿನ ಸಲ ತೊಟ್ಟಿಯ ಪಕ್ಕ ತಿಂಡಿಯ ಡಬ್ಬಿಯ ಜೊತೆಗೆ ಒಂದು ನೋಟ್‌ಬುಕ್ಕೂ ಪೆನ್ಸಿಲ್ಲೂ ಇರಲಿ. ಬೆಳಿಗ್ಗೆ ಎದ್ದ ಮಗು ಡಬ್ಬಿಗೆ ಕೈ ಹಾಕುವ ಮೊದಲು ನೀರಿನತ್ತ ಒಮ್ಮೆ ನೋಡಿ, “ಅಮ್ಮಾ, ಮೀನು ದಿನಾ ಇರೋ ಕಡೆ ಇಲ್ಲ” ಎಂದರೆ ಸಾಕು. ಒಂದು ಜೀವ ಉಳಿಯುವುದಕ್ಕೆ ಇನ್ನೂ ಸಮಯವಿರುತ್ತದೆ.